ಪೊಲೀಸ್ ಗಸ್ತಿನ ಜೊತೆ ನಾಗರಿಕ ವೀಕ್ಷಕರಾಗಿ ಹೋಗುವವರು ತಿಳಿದಿರಬೇಕಾದ ಸಂಗತಿಗಳು

ಭತ್ತದ ಕಟಾವು ಮುಗಿದು ರಾಶಿ ಇನ್ನೂ ಕಣದಲ್ಲಿರುವಾಗ, ಹೊಲದ ಪಂಪ್‌ಸೆಟ್ಟಿನ ಕೇಬಲ್ಲು ಕಳುವಾಗುತ್ತಿದೆ ಎಂಬ ಸುದ್ದಿ ಹಬ್ಬಿದಾಗ, ಅಥವಾ ಊರ ಜಾತ್ರೆ ಹತ್ತಿರ ಬಂದಾಗ, ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ರಾತ್ರಿ ಗಸ್ತಿಗೆ ಪೊಲೀಸರ ಜೊತೆ ನಾವೂ ಹೋಗಬಹುದೇ, ಹೋದರೆ ನಮಗೆ ಯಾವ ಅಧಿಕಾರವಿರುತ್ತದೆ, ಅಲ್ಲಿ ಏನಾದರೂ ಅನ್ಯಾಯ ಕಂಡರೆ ಏನು ಮಾಡಬೇಕು ಎಂಬುದೇ ಆ ಪ್ರಶ್ನೆ. ಉತ್ತರವನ್ನು ಕ್ರಮವಾಗಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಪೊಲೀಸ್ ಗಸ್ತಿನೊಂದಿಗೆ ಹೋಗಲು ಸಾಮಾನ್ಯ ನಾಗರಿಕರಿಗೆ ಹಕ್ಕು ಕೊಡುವ ಕಾನೂನು ನಮ್ಮಲ್ಲಿಲ್ಲ. ಅದು ಠಾಣಾಧಿಕಾರಿ ಮತ್ತು ಮೇಲಧಿಕಾರಿಗಳ ಒಪ್ಪಿಗೆಯ ಮೇಲೆ ನಿಂತಿರುವ ವ್ಯವಸ್ಥೆ. ಅವರು ಒಪ್ಪಬಹುದು, ಒಪ್ಪದಿರಬಹುದು. ಆದರೆ ಒಮ್ಮೆ ಜೊತೆಯಾದ ಮೇಲೆ ನಿಮಗೂ, ರಸ್ತೆಯಲ್ಲಿ ತಡೆದು ನಿಲ್ಲಿಸಲಾದ ವ್ಯಕ್ತಿಗೂ ಇರುವ ಹಕ್ಕುಗಳು ಯಾರ ಒಪ್ಪಿಗೆಯನ್ನೂ ಅವಲಂಬಿಸಿಲ್ಲ. ವೀಕ್ಷಕನ ಕೆಲಸ ನೋಡುವುದು, ಕಂಡದ್ದನ್ನು ಬರೆದಿಡುವುದು, ಯಾರ ಮೈಯನ್ನೂ ಮುಟ್ಟದಿರುವುದು. ಮುಂದಿನ ಎಲ್ಲ ಹಂತಗಳೂ ಈ ಕೆಲಸವನ್ನು ಸರಿಯಾಗಿ ಮಾಡುವುದಕ್ಕಾಗಿಯೇ ಇವೆ.

ಹಂತ 1: ಯಾವ ದಾರಿಯಲ್ಲಿ ಸೇರುವುದು ಎಂಬುದನ್ನು ನಿರ್ಧರಿಸಿ

ಹೆಚ್ಚಿನವರಿಗೆ ಹೊಂದುವ ದಾರಿ ಬೀಟ್ ಸದಸ್ಯತ್ವ. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಭಾಗಗಳಾಗಿ ಹಂಚಿ, ಒಂದೊಂದು ಭಾಗವನ್ನು ಒಬ್ಬ ಸಿಬ್ಬಂದಿಗೆ ವಹಿಸುತ್ತಾರೆ. ಆ ಭಾಗಕ್ಕೆ ಬೀಟ್ ಎನ್ನುತ್ತಾರೆ. 2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ವ್ಯವಸ್ಥೆಯಲ್ಲಿ ಪ್ರತಿ ಬೀಟಿಗೂ ಸ್ಥಳೀಯ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಪದ್ಧತಿಯಿದೆ. ನಿಮ್ಮ ಓಣಿಯ ಬೀಟ್ ಪೊಲೀಸ್ ಯಾರು ಎಂದು ಠಾಣೆಯಲ್ಲಿ ಕೇಳಿದರೆ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಕೊಡುತ್ತಾರೆ.

ಗೃಹರಕ್ಷಕ ದಳ ಬೇರೆಯೇ ದಾರಿ. ಅದು 1962ರ ಕಾಯ್ದೆಯಡಿ ನಡೆಯುವ, ಸಮವಸ್ತ್ರ ಮತ್ತು ಶಿಸ್ತಿನ ನಿಯಮಗಳಿರುವ ದಳ. ಅಲ್ಲಿ ಸೇರಿದವರು ಆದೇಶ ಪಾಲಿಸುವವರಾಗುತ್ತಾರೆಯೇ ಹೊರತು ವೀಕ್ಷಕರಾಗಿ ಉಳಿಯುವುದಿಲ್ಲ. ಗ್ರಾಮ ರಕ್ಷಣಾ ದಳಗಳಿಗೂ 1964ರ ಪ್ರತ್ಯೇಕ ಕಾಯ್ದೆಯಿದೆ. ಗಣೇಶ ಹಬ್ಬ, ಮೊಹರಂ ಮುಂತಾದ ಸಂದರ್ಭಗಳಲ್ಲಿ ಠಾಣೆಯಲ್ಲಿ ನಡೆಯುವ ಶಾಂತಿ ಸಭೆ ಗಸ್ತು ಅಲ್ಲ. ಆದರೂ ಠಾಣಾಧಿಕಾರಿಯ ಪರಿಚಯವಾಗಲು, ನಿಮ್ಮ ಉದ್ದೇಶವನ್ನು ನಾಲ್ಕು ಜನರೆದುರು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಊರಿನ ಯುವಕರೇ ಗುಂಪು ಕಟ್ಟಿಕೊಂಡು, ಠಾಣೆಗೆ ತಿಳಿಸದೆ ರಾತ್ರಿ ಕಾವಲು ತಿರುಗುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ. ಇದರ ಕಾರಣ ನಾಲ್ಕನೆಯ ಹಂತದಲ್ಲಿದೆ.

ಹಂತ 2: ಅರ್ಜಿಯನ್ನು ಬರಹದಲ್ಲೇ ಕೊಡಿ

ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಹೋಗಬೇಡಿ. ಠಾಣಾಧಿಕಾರಿ ವರ್ಗವಾಗಿ ಹೋದ ಮರುದಿನ ಆ ಮಾತಿಗೆ ಬೆಲೆಯಿರುವುದಿಲ್ಲ. ಅರ್ಜಿಯನ್ನು ನಿಮ್ಮ ಠಾಣೆಯ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಅಥವಾ ಇನ್ಸ್‌ಪೆಕ್ಟರ್ ಅವರಿಗೆ ಬರೆದು, ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಅಂದರೆ ಎಸ್‌ಪಿ ಅವರಿಗೆ, ಕಳುಹಿಸಿ. ಕೊಪ್ಪಳ ಜಿಲ್ಲೆಯವರಾದರೆ ಕೊಪ್ಪಳ ಅಥವಾ ಗಂಗಾವತಿ ಉಪವಿಭಾಗದ ಡಿವೈಎಸ್‌ಪಿ, ಅಂದರೆ ಪೊಲೀಸ್ ಉಪಾಧೀಕ್ಷಕರು, ಅವರಿಗೂ ಒಂದು ಪ್ರತಿ ಹೋಗಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ವಿಜಯನಗರ ಜಿಲ್ಲೆಯೊಂದಿಗೆ ಬಳ್ಳಾರಿ ವಲಯದ ಪೊಲೀಸ್ ಮಹಾನಿರೀಕ್ಷಕರ ಅಡಿಯಲ್ಲಿ ಬರುತ್ತವೆ. ಮೊದಲ ಅರ್ಜಿಯನ್ನೇ ಅಲ್ಲಿಯವರೆಗೆ ಒಯ್ಯುವ ಅಗತ್ಯವಿಲ್ಲ.

ಅರ್ಜಿಯಲ್ಲಿ ನಿಮ್ಮ ಹೆಸರು, ವಯಸ್ಸು, ವಿಳಾಸ, ಉದ್ಯೋಗ, ಯಾವ ಬೀಟ್, ವಾರದ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನು ತಿಳಿಸಿ. ಅದರ ಜೊತೆ ಮೂರು ವಾಕ್ಯಗಳನ್ನು ತಪ್ಪದೆ ಸೇರಿಸಿ: ನೀವು ವೀಕ್ಷಕರಾಗಿ ಮಾತ್ರ ಬರುತ್ತೀರಿ ಎಂಬುದು, ಯಾವುದೇ ಶೋಧ ಅಥವಾ ದಸ್ತಗಿರಿಯಲ್ಲಿ ಕೈಹಾಕುವುದಿಲ್ಲ ಎಂಬುದು, ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ ಎಂಬುದು. ಮೂರನೆಯ ವಾಕ್ಯವನ್ನು ಮೊದಲೇ ಹೇಳಿಟ್ಟರೆ, ಮುಂದೆ ಯಾರಾದರೂ ನೀವೇಕೆ ಬರೆಯುತ್ತಿದ್ದೀರಿ ಎಂದು ತಕರಾರು ತೆಗೆದಾಗ ಅರ್ಜಿಯೇ ಉತ್ತರವಾಗುತ್ತದೆ. ಸರ್ಕಾರಿ ನೌಕರರು ಮೊದಲು ತಮ್ಮ ಇಲಾಖೆಯ ಅನುಮತಿಯನ್ನು ಪಡೆಯಬೇಕು. ಹದಿನೆಂಟು ತುಂಬದವರನ್ನು ರಾತ್ರಿ ಗಸ್ತಿಗೆ ಕರೆದೊಯ್ಯಲೇಬೇಡಿ.

ಅರ್ಜಿಯನ್ನು ಮುದ್ದಾಂ, ಅಂದರೆ ಖುದ್ದಾಗಿ ಕೈಯಲ್ಲೇ, ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ ಮತ್ತು ಸಹಿಯಿರುವ ಸ್ವೀಕೃತಿಯನ್ನು ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನ ಮಾಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ನನ್ನ ಅರ್ಜಿಯ ಮೇಲೆ ಏನು ಕ್ರಮವಾಗಿದೆ ಎಂದು ಕೇಳಬಹುದು. ಇದಕ್ಕೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು; ಅನೇಕ ಅರ್ಜಿಗಳು ಈ ಒಂದು ಕಾರಣಕ್ಕೇ ತಿರಸ್ಕೃತವಾಗುತ್ತವೆ.

ನಿಮ್ಮ ಹಿನ್ನೆಲೆಯನ್ನು ಪೊಲೀಸರು ಪರಿಶೀಲಿಸುತ್ತಾರೆ. ಅದು ಸಹಜ. ಹಳೆಯ ಪ್ರಕರಣವೇನಾದರೂ ಇದ್ದರೆ ನೀವಾಗಿಯೇ ತಿಳಿಸಿ.

ಹಂತ 3: ಹೊರಡುವ ಮುನ್ನ

ಬೇಕಾದದ್ದು ಸ್ವಲ್ಪವೇ. ಸರ್ಕಾರಿ ಗುರುತಿನ ಚೀಟಿ, ಅನುಮತಿಯ ನಕಲು, ಟಾರ್ಚು, ಚಾರ್ಜು ತುಂಬಿದ ಮೊಬೈಲು, ಪುಟಗಳಿಗೆ ಸಂಖ್ಯೆ ಹಾಕಿದ ಟಿಪ್ಪಣಿ ಪುಸ್ತಕ, ಪೆನ್ನು. ಪೆನ್ಸಿಲ್ ಬೇಡ. ಬೈಕಿನಲ್ಲಿ ಹೋಗುವುದಾದರೆ ಹೆಲ್ಮೆಟ್. ಗಸ್ತಿನ ವೇಳೆ ಗಾಯವಾದರೆ ಪೊಲೀಸ್ ಸಿಬ್ಬಂದಿಗಿರುವ ಸೌಲಭ್ಯಗಳು ನಿಮಗೂ ಸಿಗುತ್ತವೆಂದು ಭಾವಿಸಬೇಡಿ. ಸ್ವಂತ ಅಪಘಾತ ವಿಮೆ ಇರಲಿ.

ಬಟ್ಟೆಯ ವಿಷಯದಲ್ಲಿ ಎಚ್ಚರ ಬೇಕು. ಖಾಕಿ ಬಣ್ಣದ ಅಂಗಿ, ಬೆನ್ನಿಗೆ ಪೊಲೀಸ್ ಎಂದು ಬರೆದ ಹೊಳೆಯುವ ಜಾಕೆಟ್, ಬೈಕಿನ ಮೇಲೆ ಪೊಲೀಸ್ ಸ್ಟಿಕ್ಕರ್, ಕೈಯಲ್ಲಿ ಲಾಠಿ, ಇವು ಯಾವುವೂ ನಿಮಗೆ ಸಲ್ಲವು. ಸಾರ್ವಜನಿಕ ನೌಕರನಂತೆ ನಟಿಸುವುದು, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮಿನಡಿ ಅಪರಾಧ. ಮೋಸದ ಉದ್ದೇಶದಿಂದ ಅವರ ಉಡುಪು ಧರಿಸುವುದು 205ನೆಯ ಕಲಮಿನಡಿ ಅಪರಾಧ. ಸಿಬ್ಬಂದಿಯೇ ಪ್ರೀತಿಯಿಂದ ಜಾಕೆಟ್ ಕೊಟ್ಟರೂ ನಯವಾಗಿ ಬೇಡವೆನ್ನಿ. ಹಾಗೆಯೇ ಮಚ್ಚು, ಕೊಡಲಿ, ದೊಣ್ಣೆಗಳನ್ನು ಆತ್ಮರಕ್ಷಣೆಯ ಹೆಸರಿನಲ್ಲಿಯೂ ಒಯ್ಯಬೇಡಿ.

ಊರಿನಲ್ಲಿ ನಿಷೇಧಾಜ್ಞೆ ಜಾರಿಯಲ್ಲಿದೆಯೇ ಎಂಬುದನ್ನು ಹೊರಡುವ ಮುಂಚೆ ಕೇಳಿ ತಿಳಿಯಿರಿ. ಹಿಂದೆ 144ನೆಯ ಸೆಕ್ಷನ್ ಎಂದು ಕರೆಯುತ್ತಿದ್ದುದು 2024ರ ಜುಲೈ 1ರಿಂದ, ಬಂಧನ, ಶೋಧ, ತನಿಖೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಾಗಿದೆ. ಅದು ಜಾರಿಯಲ್ಲಿರುವಾಗ ಗುಂಪಾಗಿ ತಿರುಗಿದರೆ, ಕಾವಲಿಗೆಂದೇ ತಿರುಗಿದರೂ, ಆದೇಶದ ಉಲ್ಲಂಘನೆಯಾಗಬಹುದು.

ಹಂತ 4: ಗಸ್ತಿನ ವೇಳೆ ಏನು ಮಾಡಬೇಕು, ಏನು ಮಾಡಬಾರದು

ಸಿಬ್ಬಂದಿಗಿಂತ ಕೆಲವು ಹೆಜ್ಜೆ ಹಿಂದೆ, ಆದರೆ ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಇರಿ. ಯಾರನ್ನಾದರೂ ನಿಲ್ಲಿಸಿದರೆ ಸಮಯ, ಸ್ಥಳ, ವಾಹನ ಸಂಖ್ಯೆ, ಸಿಬ್ಬಂದಿಯ ಎದೆಯ ಮೇಲಿನ ಹೆಸರು, ಆಡಿದ ಮುಖ್ಯ ಮಾತುಗಳನ್ನು ಬರೆದುಕೊಳ್ಳಿ. ಪ್ರಶ್ನೆ ಕೇಳುವ, ಚೀಲ ಬಿಚ್ಚಿಸುವ, ಬೈಕಿನ ಕೀಲಿ ಕಸಿದುಕೊಳ್ಳುವ ಅಧಿಕಾರ ನಿಮಗಿಲ್ಲ. ಸಿಬ್ಬಂದಿ ಕೆಲಸದ ಒತ್ತಡದಲ್ಲಿ ನಿಮಗೆ ಹೇಳಿದರೂ ಅದು ನನ್ನ ಕೆಲಸವಲ್ಲ ಎಂದು ಹೇಳಬಹುದು.

ಇದಕ್ಕೆ ಒಂದು ಅಪವಾದವಿದೆ. ಪೊಲೀಸ್ ಅಧಿಕಾರಿ ಕಾನೂನಿನಂತೆ ಹಿಡಿಯಬೇಕಾದ ವ್ಯಕ್ತಿ ತಪ್ಪಿಸಿಕೊಳ್ಳದಂತೆ ತಡೆಯಲು, ಶಾಂತಿಭಂಗವನ್ನು ಅಥವಾ ಸಾರ್ವಜನಿಕ ಆಸ್ತಿಯ ಹಾನಿಯನ್ನು ತಡೆಯಲು ಯುಕ್ತವಾದ ನೆರವನ್ನು ಕೇಳಿದಾಗ ಪ್ರತಿಯೊಬ್ಬ ನಾಗರಿಕನೂ ನೆರವಾಗಬೇಕು ಎಂದು ಸುರಕ್ಷಾ ಸಂಹಿತೆಯ 31ನೆಯ ಕಲಮು ಹೇಳುತ್ತದೆ. ಆ ನೆರವು ಓಡುವವನ ದಾರಿಗೆ ಅಡ್ಡ ನಿಲ್ಲುವುದಾಗಿರಬಹುದು, 112ಕ್ಕೆ ಕರೆ ಮಾಡುವುದಾಗಿರಬಹುದು. ಹೊಡೆಯುವುದು ಯಾವತ್ತೂ ಆ ನೆರವಿನೊಳಗೆ ಸೇರುವುದಿಲ್ಲ.

ಕಳ್ಳನನ್ನು ನಾವೇ ಹಿಡಿಯಬಹುದೇ ಎಂಬ ಪ್ರಶ್ನೆಗೆ 40ನೆಯ ಕಲಮಿನಲ್ಲಿ ಉತ್ತರವಿದೆ. ನಿಮ್ಮ ಕಣ್ಣೆದುರೇ ಜಾಮೀನು ಹಕ್ಕಾಗಿ ಸಿಗದ, ವಾರೆಂಟಿಲ್ಲದೆ ಬಂಧಿಸಬಹುದಾದ ಅಪರಾಧವನ್ನು ಮಾಡಿದವನನ್ನು ಅಥವಾ ನ್ಯಾಯಾಲಯ ಘೋಷಿತ ಅಪರಾಧಿ ಎಂದು ಸಾರಿದವನನ್ನು ಮಾತ್ರ ಖಾಸಗಿ ವ್ಯಕ್ತಿ ಹಿಡಿಯಬಹುದು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂತು, ಅವನು ನಮ್ಮೂರಿನವನಲ್ಲ, ಭಾಷೆ ಬೇರೆ, ಇವು ಹಿಡಿಯಲು ಕಾರಣಗಳೇ ಅಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ನಮ್ಮ ಭಾಗದಲ್ಲಿ ರಾತ್ರಿ ರಸ್ತೆಯ ಮೇಲೆ ಅಪರಿಚಿತರು ಇರುವುದು ಸಹಜ. ಭತ್ತದ ಕಟಾವು ಯಂತ್ರದ ಜೊತೆ ಬೇರೆ ರಾಜ್ಯದಿಂದ ಬಂದ ಚಾಲಕರು, ಹತ್ತಿ ಬಿಡಿಸಲು ಬಂದ ಕೂಲಿಯವರು, ಅಕ್ಕಿ ಗಿರಣಿಯ ಹಮಾಲರು, ತೋರಣಗಲ್ಲಿನ ಕಾರ್ಖಾನೆಯ ಪಾಳಿ ಮುಗಿಸಿ ಮರಳುವವರು, ಹುಲಿಗೆಮ್ಮನ ದರ್ಶನಕ್ಕೆ ನಡೆದು ಹೋಗುವವರು, ಊರ ಹೊರಗೆ ಗುಡಾರ ಹಾಕಿರುವ ಅಲೆಮಾರಿ ಸಮುದಾಯದವರು ಎಲ್ಲರೂ ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುತ್ತಾರೆ. ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ್ದ 1871ರ ಬ್ರಿಟಿಷ್ ಕಾನೂನು 1952ರಲ್ಲೇ ರದ್ದಾಗಿದ್ದರೂ, ಕಳವಾದ ಕೂಡಲೇ ಬೆರಳು ಗುಡಾರದ ಕಡೆಗೆ ಹೋಗುವ ರೂಢಿ ರದ್ದಾಗಿಲ್ಲ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯಿಂದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನರ ಗುಂಪು ಅಮಾಯಕನೊಬ್ಬನನ್ನು ಕೊಂದಿತು. ಠಾಣೆಗೆ ತಿಳಿಸದ ಕಾವಲು ಗುಂಪು ಬೇಡ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ. ಜಾತಿ, ಮತ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಲೆ ಮಾಡಿದರೆ ನ್ಯಾಯ ಸಂಹಿತೆಯ 103(2)ನೆಯ ಕಲಮಿನಂತೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದು.

ಜನ ಸೇರಿ ಯಾರನ್ನಾದರೂ ಥಳಿಸಲು ಮುಂದಾದರೆ ಕೂಡಲೇ ಸಿಬ್ಬಂದಿಯನ್ನು ಕರೆಯಿರಿ, 112ಕ್ಕೆ ಕರೆ ಮಾಡಿ, ಆ ವ್ಯಕ್ತಿಯನ್ನು ಪೊಲೀಸ್ ವಾಹನದೊಳಗೆ ಸೇರಿಸುವಂತೆ ಗಟ್ಟಿಯಾಗಿ ಹೇಳಿ. ವೀಕ್ಷಕ ಸುಮ್ಮನಿರಬಾರದ ಸಂದರ್ಭ ಇದು.

ಹಂತ 5: ಸಹಿ ಕೇಳಿದಾಗ

ಗಸ್ತಿಗೆ ಹೋದವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಶೋಧ ಅಥವಾ ಜಪ್ತಿ ನಡೆದಾಗ ಸ್ಥಳದಲ್ಲಿ ಬರೆಯುವ ದಾಖಲೆಗೆ ಪಂಚನಾಮೆ ಅಥವಾ ಮಹಜರು ಎನ್ನುತ್ತಾರೆ. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕುವವರು ಪಂಚರು. ಸುರಕ್ಷಾ ಸಂಹಿತೆಯ 103ನೆಯ ಕಲಮಿನಂತೆ ಸ್ಥಳವೊಂದನ್ನು ಶೋಧಿಸುವಾಗ ಆ ಭಾಗದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಹಾಜರಿರಬೇಕು. ಲಿಖಿತ ಆದೇಶ ಕೊಟ್ಟು ಕರೆದ ಮೇಲೂ ತಕ್ಕ ಕಾರಣವಿಲ್ಲದೆ ನಿರಾಕರಿಸುವುದು ಅಪರಾಧವಾಗುತ್ತದೆ. ಆದ್ದರಿಂದ ಪಂಚರಾಗಲು ಕರೆದರೆ ಮೊದಲು ಲಿಖಿತ ಆದೇಶವನ್ನು ಕೇಳಿ, ಮತ್ತು ವೀಕ್ಷಕರಾಗಿ ದಿನವೂ ಜೊತೆಗೆ ಬರುವ ನಿಮ್ಮನ್ನು ಸ್ವತಂತ್ರ ಸಾಕ್ಷಿಯೆಂದು ನ್ಯಾಯಾಲಯ ಒಪ್ಪುವುದೇ ಎಂಬ ಸಂಶಯವನ್ನು ಅಧಿಕಾರಿಯ ಗಮನಕ್ಕೆ ತನ್ನಿ. ಪದೇ ಪದೇ ಪಂಚರಾದವರನ್ನು ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳಲ್ಲಿ, ಪೊಲೀಸರ ಕಡೆಯವರೆಂದು ತೋರಿಸುವುದು ಸುಲಭ.

ಸಹಿ ಹಾಕುವುದೇ ಆದರೆ ಪೂರ್ತಿ ಓದಿ. ಕನ್ನಡ ಓದಲು ಬಾರದ ತೆಲುಗು ಅಥವಾ ಉರ್ದು ಮಾತಿನವರು ಓದಿಸಿಕೊಂಡು, ತಮ್ಮ ಭಾಷೆಯಲ್ಲಿ ಹೇಳಿಸಿಕೊಂಡು ಸಹಿ ಹಾಕಲಿ. ನೀವು ಕಣ್ಣಾರೆ ಕಾಣದ ಒಂದು ವಾಕ್ಯವಿದ್ದರೂ ಅದನ್ನು ತೆಗೆಸಿ. ಖಾಲಿ ಹಾಳೆಗೆ ಸಹಿ ಬೇಡ, ಆಮೇಲೆ ಬರೆದುಕೊಳ್ಳುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಸಹಿಯ ಮೇಲೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಸಹಿಯ ಕೆಳಗೆ ದಿನಾಂಕ ಮತ್ತು ಸಮಯವನ್ನು ಬರೆಯಿರಿ. ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊದಲ್ಲಿ ದಾಖಲಿಸಬೇಕೆಂದು 105ನೆಯ ಕಲಮು ಹೇಳುತ್ತದೆ. ದಾಖಲಾಗುತ್ತಿದೆಯೇ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಹಂತ 6: ತಡೆದವರ ಮತ್ತು ಬಂಧಿತರ ಹಕ್ಕುಗಳನ್ನು ಮನಸ್ಸಿನಲ್ಲಿಡಿ

1996ರ ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ವೇಳೆ ಪಾಲಿಸಬೇಕಾದ ನಿಯಮಗಳನ್ನು ಹಾಕಿಕೊಟ್ಟಿತು. ಅವುಗಳಲ್ಲಿ ಹೆಚ್ಚಿನವು ಈಗ ಕಾನೂನಿನಲ್ಲೇ ಸೇರಿವೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು. ಬಂಧನದ ಜ್ಞಾಪನ ಪತ್ರವನ್ನು ಬರೆದು, ಮನೆಯವರೊಬ್ಬರ ಅಥವಾ ಆ ಸ್ಥಳದ ಗೌರವಾನ್ವಿತ ನಿವಾಸಿಯ ಸಾಕ್ಷಿ ಸಹಿಯನ್ನೂ ಬಂಧಿತನ ಸಹಿಯನ್ನೂ ಪಡೆಯಬೇಕು. ಬಂಧನದ ಕಾರಣವನ್ನು ಅವನಿಗೂ, ಬಂಧನದ ಸುದ್ದಿಯನ್ನು ಅವನು ಹೆಸರಿಸಿದ ಬಂಧು ಅಥವಾ ಗೆಳೆಯನಿಗೂ ತಿಳಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಅವನಿಗಿದೆ. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಇದು ಸಂವಿಧಾನದ 22ನೆಯ ವಿಧಿಯ ಮಾತು. ಸೂರ್ಯಾಸ್ತದ ನಂತರ, ಸೂರ್ಯೋದಯದ ಮುನ್ನ ಮಹಿಳೆಯನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಸಲ್ಲಿಸಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು.

ಯಾರನ್ನಾದರೂ ಠಾಣೆಗೆ ಕರೆದೊಯ್ದರೆ, ಸುಮ್ಮನೆ ಕೂರಿಸಿದ್ದೇವೆ, ಬಂಧಿಸಿಲ್ಲ ಎಂಬ ಮಾತು ಕೇಳಿಬರುವುದುಂಟು. ಕರೆದೊಯ್ದ ಸಮಯವನ್ನು ನಿಮಿಷದ ಸಮೇತ ಬರೆದಿಡಿ. 24 ಗಂಟೆಯ ಲೆಕ್ಕ ಆ ವ್ಯಕ್ತಿ ಪೊಲೀಸರ ವಶಕ್ಕೆ ಹೋದ ಗಳಿಗೆಯಿಂದ ಶುರುವಾಗಬೇಕೆಂದು ಅವನ ಪರ ವಕೀಲರು ವಾದಿಸುವಾಗ ನಿಮ್ಮ ಟಿಪ್ಪಣಿ ಬಹಳ ದೊಡ್ಡ ಆಧಾರ.

ನಿಮ್ಮದೇ ಹಕ್ಕುಗಳೂ ಇವೆ. ಸಾಕ್ಷಿಯಾಗಿ ಠಾಣೆಗೆ ಕರೆಯಲು ಸುರಕ್ಷಾ ಸಂಹಿತೆಯ 179ನೆಯ ಕಲಮಿನಡಿ ಲಿಖಿತ ಆದೇಶ ಬೇಕು. ಮಹಿಳೆಯರನ್ನು, 15 ವರ್ಷಕ್ಕಿಂತ ಕಡಿಮೆ ಅಥವಾ 60 ದಾಟಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಅವರ ವಾಸಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ನಿಮ್ಮ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ ಎಂದು 181ನೆಯ ಕಲಮೇ ಹೇಳಿದೆ. ಪಂಚನಾಮೆ ಮತ್ತು ಹೇಳಿಕೆ ಬೇರೆ ಬೇರೆ ಎಂಬುದನ್ನು ಇಲ್ಲಿ ನೆನಪಿಡಿ.

ಹಂತ 7: ವಿಡಿಯೊ ತೆಗೆಯುವ ಬಗ್ಗೆ

ಸಾರ್ವಜನಿಕ ರಸ್ತೆಯಲ್ಲಿ ಪೊಲೀಸರ ಕೆಲಸವನ್ನು ಚಿತ್ರೀಕರಿಸುವುದೇ ಅಪರಾಧ ಎನ್ನುವ ಸಾಮಾನ್ಯ ಕಾನೂನಿಲ್ಲ. ಪೊಲೀಸ್ ಠಾಣೆ ಅಧಿಕೃತ ರಹಸ್ಯ ಕಾಯ್ದೆಯ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಆದರೆ ಕರ್ತವ್ಯಕ್ಕೆ ಅಡ್ಡಿಪಡಿಸುವುದು ನ್ಯಾಯ ಸಂಹಿತೆಯ 221ನೆಯ ಕಲಮಿನಡಿ ಅಪರಾಧವಾದ್ದರಿಂದ ದೂರ ನಿಂತು ತೆಗೆಯಿರಿ; ಹಿಂದೆ ಸರಿಯಿರಿ ಎಂದರೆ ಸರಿಯಿರಿ, ಎಷ್ಟು ಹೊತ್ತಿಗೆ ಯಾರು ಹಾಗೆ ಹೇಳಿದರೆಂದು ಬರೆಯಿರಿ. ಮಾತಿಗೆ ಮಾತು ಬೆಳೆಸಿ ತೋಳು ಹಿಡಿದರೆ, ತಳ್ಳಿದರೆ, 132ನೆಯ ಕಲಮಿನ ಗಂಭೀರ ಪ್ರಕರಣವನ್ನು ಎದುರಿಸಬೇಕಾಗುತ್ತದೆ.

ತೆಗೆದ ವಿಡಿಯೊವನ್ನು ಊರಿನ ಗುಂಪುಗಳಿಗೆ ಹಾಕಲೇಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು, ಪ್ರಕರಣದಲ್ಲಿರುವ ಮಕ್ಕಳ ಗುರುತನ್ನು ಬಯಲುಮಾಡುವುದು ಶಿಕ್ಷಾರ್ಹ. ಅನುಮಾನದ ಮೇಲೆ ನಿಲ್ಲಿಸಿ ಬಿಟ್ಟುಕಳುಹಿಸಿದವನ ಮುಖ ಒಮ್ಮೆ ಹರಿದಾಡಿದರೆ ಅವನ ಬದುಕನ್ನು ಮರಳಿ ಸರಿಪಡಿಸಲು ಯಾರಿಂದಲೂ ಆಗದು. ನಿಮ್ಮ ಫೋನನ್ನೇ ತೆರೆದು ತೋರಿಸಿ ಎಂದು ಯಾರಾದರೂ ಕೇಳಿದರೆ, ತನಿಖೆಗಾಗಿ ಫೋನ್ ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರೆಂಟ್ ಬೇಕೆಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿರುವುದನ್ನು ಸೌಜನ್ಯದಿಂದ ತಿಳಿಸಿ.

ಹಂತ 8: ತಪ್ಪು ನಡೆದಿದ್ದನ್ನು ಕಂಡರೆ

ಅದೇ ರಾತ್ರಿ ಟಿಪ್ಪಣಿಯನ್ನು ಪೂರ್ಣಗೊಳಿಸಿ, ಪುಟದ ಫೋಟೊ ತೆಗೆದು ಮನೆಯವರೊಬ್ಬರಿಗೆ ಕಳುಹಿಸಿ. ದಿನಾಂಕಕ್ಕೆ ಅದೇ ಪುರಾವೆ. ನಂತರ ಎಸ್‌ಪಿ ಅವರಿಗೆ ಲಿಖಿತ ದೂರು ಕೊಡಿ. ವಾರೆಂಟಿಲ್ಲದೆ ಬಂಧಿಸಬಹುದಾದ ಅಪರಾಧವಾಗಿದ್ದೂ ಠಾಣೆಯಲ್ಲಿ ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ, ದಾಖಲಿಸದಿದ್ದರೆ ಸುರಕ್ಷಾ ಸಂಹಿತೆಯ 173(4)ನೆಯ ಕಲಮಿನಂತೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಅಧಿಕಾರದ ದುರ್ಬಳಕೆಯ ದೂರುಗಳಿಗೆಂದೇ ಕರ್ನಾಟಕ ಪೊಲೀಸ್ ಕಾಯ್ದೆಯಡಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿವೆ. ಲಂಚದ ದೂರು ಲೋಕಾಯುಕ್ತಕ್ಕೆ ಹೋಗಬೇಕು. ಭ್ರಷ್ಟಾಚಾರ ನಿಗ್ರಹ ದಳ 2022ರಲ್ಲಿಯೇ ರದ್ದಾಗಿದ್ದರೂ ಆ ಹೆಸರಿಗೆ ಅರ್ಜಿ ಬರೆಯುವವರು ಇನ್ನೂ ಇದ್ದಾರೆ. ಮಾನವ ಹಕ್ಕು ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಿಸಿ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಮುಂತಾದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ ಸಂಖ್ಯೆ 15100. ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಿದ್ದಾರೆಂದು ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ, ಬಳ್ಳಾರಿ ಮತ್ತು ಕೊಪ್ಪಳದವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಅವಸರದಲ್ಲಿ ಈ ವ್ಯತ್ಯಾಸ ತಿಳಿಯದೆ ಒಂದು ದಿನ ಕಳೆದುಹೋದರೆ, ಕೂಡಿಹಾಕಲ್ಪಟ್ಟವನ ಪಾಲಿಗೆ ಅದು ಸಣ್ಣ ನಷ್ಟವಲ್ಲ.

ಘಟನೆ ಠಾಣೆಯೊಳಗೆ ನಡೆದಿದ್ದರೆ ಸಿಸಿಟಿವಿ ದೃಶ್ಯವನ್ನು ಕಾಯ್ದಿರಿಸುವಂತೆ ಮೊದಲ ವಾರದಲ್ಲೇ ಠಾಣಾಧಿಕಾರಿ ಮತ್ತು ಎಸ್‌ಪಿ ಇಬ್ಬರಿಗೂ ಬರೆಯಿರಿ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕೆಂದು, ದೃಶ್ಯಗಳನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಅರ್ಜಿಯಲ್ಲಿ ದಿನಾಂಕ, ಗಂಟೆ ಮತ್ತು ಠಾಣೆಯ ಯಾವ ಭಾಗ ಎಂಬುದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರುವಂತೆಯೇ ನಮೂದಿಸಿ, ಸ್ವೀಕೃತಿಯನ್ನು ಪಡೆದು ದೂರಿನ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ.